ತಮಟೆಗೆ ರೇಟ್ ಹೇಳಿದ ಹುಡುಗರು

ಕೋಲಾರ ಜಿಲ್ಲೆಯ ಒಂದು ಊರಿನಲ್ಲಿ ನಡೆದ ಸಂಗತಿ ಇದು. ಊರಿನ ಹೆಸರು, ಜನರ ಹೆಸರು ಬೇಡ. ಅಲ್ಲಿ ಈಗಲೂ ಅದೇ ಜನ ಅದೇ ಬೀದಿಯಲ್ಲಿ ಎದುರುಬದುರು ಓಡಾಡಬೇಕು. ಕಾಲೋನಿಯ ಎಂಟು ಹುಡುಗರು ಸೇರಿ ಒಂದು ಹಾಡಿನ ತಂಡ ಕಟ್ಟಿದರು. ಮೈಕಿನಲ್ಲಿ ಸರ್ಕಾರವನ್ನು ಬೈದರು, ಜಾತಿಯನ್ನು ಬೈದರು, ಊರಿನ ಗೌಡರ ಎದುರಿಗೇ ಗೌಡಿಕೆಯನ್ನು ಬೈದರು. ಯಾರೂ ಏನೂ ಅನ್ನಲಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ಒಂದು ದಿನ ಅದೇ ಹುಡುಗರು, ಗಂಗಮ್ಮನ ಜಾತ್ರೆಗೆ ತಮಟೆ ಬಾರಿಸಲು ಎಂಟು ಸಾವಿರ ಆಗುತ್ತೆ ಎಂದರು. ಊರು ಎದ್ದು ಕೂತಿತು.

ನಾನು ಹತ್ತಿರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ತಂಡದ ಇಬ್ಬರು ನನ್ನ ವಿದ್ಯಾರ್ಥಿಗಳು. ಹಾಗಾಗಿ ಎರಡೂ ಕಡೆಯ ಮಾತು ಕಿವಿಗೆ ಬಿತ್ತು. ರಾಜಕೀಯ ಮಾತಾಡುವ ಬ್ಯಾಂಡುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಾಡಿನ ಸಾಲುಗಳನ್ನು ಹಿಡಿದು ಕೂರುತ್ತಾರೆ. ಈ ಪ್ರಕರಣದಲ್ಲಿ ಸಾಲು ಹಿಡಿದರೆ ಏನೂ ಸಿಗಲ್ಲ. ಯಾರು ಎಲ್ಲಿ ನಿಂತು ಬಾರಿಸಿದರು, ದುಡ್ಡು ಯಾರು ಕೊಟ್ಟರು, ಬಾರಿಸಲ್ಲ ಎಂದಾಗ ಏನಾಯಿತು, ಇದನ್ನು ನೋಡಬೇಕು.

ತಮಟೆಯ ಲೆಕ್ಕ

ಈ ಕಡೆಯ ಊರುಗಳಲ್ಲಿ ತಮಟೆ ಬಾರಿಸುವುದು ಹೆಚ್ಚಾಗಿ ಮಾದಿಗರ ಮನೆಗಳ ಮೇಲೆ ಬಿದ್ದ ಕೆಲಸ. ಸಾವಾದರೆ ಹೋಗಬೇಕು. ಜಾತ್ರೆಗೆ ಹೋಗಬೇಕು. ಕೆರೆ ತೂಬು ಎತ್ತುವ ದಿನ, ಪಂಚಾಯ್ತಿ ಸೇರುವ ದಿನ, ಊರಿಗೆಲ್ಲ ಸಾರಬೇಕಾದಾಗ ಹೋಗಬೇಕು. ಇದಕ್ಕೆ ಪ್ರತಿಫಲ ಸುಗ್ಗಿಯಲ್ಲಿ ಸಿಗುತ್ತಿತ್ತು. ಕಣದಲ್ಲಿ ರಾಶಿ ಆದ ಮೇಲೆ ಮೊರದಲ್ಲಿ ರಾಗಿ ಹಾಕುತ್ತಿದ್ದರು. ಕಮ್ಮಾರ, ಬಡಗಿ, ಅಗಸ, ನೀರುಗಂಟಿ, ತೋಟಿ, ಎಲ್ಲರಿಗೂ ಹೀಗೇ ಆಯ.

ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂತು, 1963ರಿಂದ ಜಾರಿಯಾಯಿತು. ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆ, ಅಪ್ಪನಿಂದ ಮಗನಿಗೆ ಬರುವ ಈ ಎಲ್ಲ ಹುದ್ದೆಗಳು ಕಾಗದದ ಮೇಲೆ ಮುಗಿದವು. ನೆಲದ ಮೇಲೆ ಬೇರೆಯೇ ಆಯಿತು. ರಾಗಿಯನ್ನು ಈಗ ಟಾರು ರಸ್ತೆಯ ಮೇಲೆ ಹರಡುತ್ತಾರೆ, ಇಲ್ಲ ಮಿಷನ್ನಿಗೆ ಹಾಕುತ್ತಾರೆ. ಕಣ ಹೋಯಿತು. ಕಣದ ಜೊತೆ ಮೊರದ ರಾಗಿಯೂ ಹೋಯಿತು. ಬಾರಿಸುವ ಕೆಲಸ ಮಾತ್ರ ಹೋಗಲಿಲ್ಲ. ಜಾತ್ರೆಯ ಎರಡು ರಾತ್ರಿ ಬಾರಿಸಿದವರಿಗೆ ಎಲೆಯಲ್ಲಿ ಊಟ, ತಲೆಗೆ ನೂರಿನ್ನೂರು, ಒಂದು ಕ್ವಾರ್ಟರ್. ಊಟ ದೇವಸ್ಥಾನದ ಹಿಂದೆ, ಹುಣಸೆ ಮರದ ಕೆಳಗೆ. ಇದಕ್ಕೆ ಊರಿನವರು ಇಟ್ಟುಕೊಂಡಿದ್ದ ಹೆಸರು ‘ಪದ್ಧತಿ’.

ಇದು ಕೈಬೀಸಿ ಮಾಡುವ ಕೆಲಸ ಅಂದುಕೊಂಡವರು ಒಮ್ಮೆ ತಮಟೆ ಕಾಯಿಸುವುದನ್ನು ನೋಡಬೇಕು. ತಂಡದ ಮುಂದಾಳು ಹುಡುಗನ ಅಪ್ಪ ಈ ಸುತ್ತಿನಲ್ಲಿ ಒಳ್ಳೆ ಕೈ ಎಂದು ಹೆಸರು ಮಾಡಿದವರು. ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ, ತಮಟೆಯ ಮುಖವನ್ನು ಉರಿಯ ಕಡೆಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ನಡುನಡುವೆ ಬೆರಳಲ್ಲಿ ತಟ್ಟಿ ಕಿವಿ ಕೊಡುತ್ತಾರೆ. ತಣ್ಣಗಿರುವ ತೊಗಲು ದಬ್ ಅನ್ನುತ್ತೆ. ಕಾದ ಮೇಲೆ ಠಣ್ ಅನ್ನುತ್ತೆ. ಇನ್ನೂ ಸ್ವಲ್ಪ ಎಂದು ಆಸೆಪಟ್ಟರೆ ತೊಗಲು ಸೀಳುತ್ತೆ. ಆಮೇಲೆ ಎದೆಗೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಮೋಟು ಕೋಲು, ಇನ್ನೊಂದರಲ್ಲಿ ಸಣ್ಣ ಉದ್ದನೆ ಬಿದಿರು ಕಡ್ಡಿ. ಮೋಟು ಕೋಲಿನದು ಏಟು, ಕಡ್ಡಿಯದು ಮಾತು ಎನ್ನುತ್ತಾರೆ ಅವರು. ದೇವರಿಗೆ ಒಂದು ಗತ್ತು, ಸಾವಿಗೆ ಇನ್ನೊಂದು. ಸಾವಿನ ಗತ್ತನ್ನು ಹುಡುಗರು ಮನೆಯಂಗಳದಲ್ಲಿ ಸುಮ್ನೆ ಬಾರಿಸಿದರೆ ಗದರುತ್ತಾರೆ.

ಈಗ ಪ್ಲಾಸ್ಟಿಕ್ ಹಾಳೆಯ ತಮಟೆಗಳು ಬಂದಿವೆ. ಕಾಯಿಸುವುದೇ ಬೇಡ, ಮಳೆಗೂ ಜಗ್ಗಲ್ಲ. ಹುಡುಗರು ಅದನ್ನೂ ಇಟ್ಟುಕೊಂಡಿದ್ದಾರೆ. ಅಪ್ಪ ಅದನ್ನು ಮುಟ್ಟಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಯ ಕಲೆಗೆ. ಆ ಸುದ್ದಿ ಬಂದ ದಿನ ಕಾಲೋನಿಯ ಎಲ್ಲ ಮೊಬೈಲುಗಳಲ್ಲೂ ಅವರ ಫೋಟೊ ಸ್ಟೇಟಸ್ ಆಯಿತು. ಊರಿನ ಕಡೆಯವರೂ ಹಾಕಿಕೊಂಡರು, ‘ನಮ್ಮ ಹೆಮ್ಮೆ’ ಅಂತ. ದೆಹಲಿಯಲ್ಲಿ ಗೌರವ ಪಡೆದ ವಾದ್ಯವನ್ನು ಊರಲ್ಲಿ ಬಾರಿಸುವವನು ಹುಣಸೆ ಮರದ ಕೆಳಗೆ ಉಣ್ಣುವುದು ಮಾತ್ರ ಆ ಬೇಸಿಗೆಯಲ್ಲೂ ನಡೆಯಿತು.

ತಂಡ ಕಟ್ಟಿದ್ದು

ಹೋರಾಟದ ಹಾಡು ಕೋಲಾರಕ್ಕೆ ಹೊಸದೇನಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದಾಗ ಇಲ್ಲಿ ಹಾಡು ಮುಂದೆ ಹೋಗುತ್ತಿತ್ತು, ಭಾಷಣ ಹಿಂದೆ ಬರುತ್ತಿತ್ತು. ಪಿಚ್ಚಳ್ಳಿ ಶ್ರೀನಿವಾಸ್ ಅವರ ದನಿ ಕೇಳದೆ ಬೆಳೆದವರು ಈ ಜಿಲ್ಲೆಯಲ್ಲಿ ಕಡಿಮೆ. ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ, ಕೋಲಾರದ ಪಕ್ಕದ ಬೆಟ್ಟದ ಮೇಲೆ, ಹುಣ್ಣಿಮೆ ರಾತ್ರಿ ಹಾಡು, ನಾಟಕ ನೋಡಿ ಬಂದವರು ನೂರಾರು ಜನ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟಾಗ, ಆ ಸಂಕಟ ಹಳ್ಳಿ ಹಳ್ಳಿಗೆ ತಲುಪಿದ್ದರಲ್ಲಿ ಹಾಡುಗಾರರ ಪಾಲು ದೊಡ್ಡದು. 2006ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಹಾಡು ಬಿಡುಗಡೆ ಆಗಲಿಲ್ಲ, ಅದನ್ನು ಇನ್ನೂ ಹಾಡುತ್ತಾರೆ.

ಆ ಕಾಲದಲ್ಲಿ ತಮಟೆಯ ಬಗ್ಗೆ ಎರಡು ನಿಲುವು ಇದ್ದವು. ಒಂದು, ತಮಟೆ ಗುಲಾಮಗಿರಿಯ ಗುರುತು, ಅದನ್ನು ಮುಟ್ಟಲೇಬಾರದು. ಸತ್ತ ದನ ಎಳೆಯುವುದನ್ನು ಬಿಟ್ಟಂತೆ ಇದನ್ನೂ ಬಿಡಬೇಕು. ಇನ್ನೊಂದು, ಬಿಡುವುದೇಕೆ, ಜಾಥಾದ ಮುಂದೆ ಇಟ್ಟು ಬಾರಿಸೋಣ. ಎರಡೂ ನಿಲುವಿನವರು ಒಂದೇ ಸಂಘಟನೆಯಲ್ಲಿದ್ದರು, ಒಂದೇ ಮನೆಯಲ್ಲೂ ಇದ್ದರು. ಈ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಪ್ರಕರಣ ಅದರ ಮುಂದುವರಿಕೆ ಅಷ್ಟೇ.

ಹುಡುಗರಿಗೆ ಈ ಚರಿತ್ರೆ ಪೂರ್ತಿ ಗೊತ್ತಿರಲಿಲ್ಲ. ಅವರಿಗೆ ಕಿಡಿ ಹತ್ತಿದ್ದು ಯೂಟ್ಯೂಬಿನಲ್ಲಿ. ಚೆನ್ನೈನ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಬ್ಯಾಂಡನ್ನು ನೋಡಿದರು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಬೆಂಬಲದಲ್ಲಿ ಹುಟ್ಟಿ, 2018ರ ಜನವರಿಯಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ ತಂಡ ಅದು. ಚೆನ್ನೈ ಕೇರಿಗಳ ಗಾನಾ ಹಾಡು, ನಮ್ಮ ತಮಟೆಯಂಥದೇ ಪರೈ ವಾದ್ಯ, ರ್‍ಯಾಪ್, ಗಿಟಾರ್ ಎಲ್ಲ ಒಂದೇ ವೇದಿಕೆಯ ಮೇಲೆ. ಎಲ್ಲರೂ ಕೋಟು ಹಾಕಿ ನಿಂತಿದ್ದರು. ನಮ್ಮ ಹುಡುಗರಿಗೆ ಹಾಡಿಗಿಂತ ಮೊದಲು ಕಣ್ಣಿಗೆ ಬಿದ್ದಿದ್ದು ಆ ಕೋಟು.

ಇಲ್ಲಿ ಸ್ವಲ್ಪ ಪಕ್ಕದ ಮಾತು. ಆ ಬ್ಯಾಂಡಿನ ಹೆಸರಿನ ಬೇರು ತಮಿಳಿನ ಜಾತಿವಿರೋಧಿ ಚಿಂತಕ ಅಯೋತಿದಾಸ ಪಂಡಿತರ ಮಾತಿನಲ್ಲಿದೆ. ತಮ್ಮನ್ನು ‘ಜಾತಿಭೇದವಿಲ್ಲದ ತಮಿಳರು’ ಎಂದು ಕರೆಯಿರಿ ಎಂದವರು ಅವರು. ಅವರು ಕಟ್ಟಿದ ಬೌದ್ಧ ಸಂಘಕ್ಕೆ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ನಮ್ಮ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಚಿನ್ನದ ಗಣಿಯ ಕಾರ್ಮಿಕರು ಅವರ ಪತ್ರಿಕೆ ಓದುತ್ತಿದ್ದರು. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅಂದರೆ ಚೆನ್ನೈನಿಂದ ಮೊಬೈಲಿಗೆ ಬಂದ ಆ ಮಾತು, ನೂರು ವರ್ಷದ ಹಿಂದೆಯೇ ರೈಲಿನಲ್ಲಿ ನಮ್ಮ ಜಿಲ್ಲೆಗೆ ಬಂದಿತ್ತು. ಇದನ್ನು ಹೇಳಿದಾಗ ತಂಡದ ಒಬ್ಬ ಹುಡುಗ, ‘ನಮ್ಮಜ್ಜಿ ಮನೆ ಮಾರಿಕುಪ್ಪಂ ಸಾರ್, ಯಾರೂ ಹೇಳೇ ಇಲ್ಲ’ ಎಂದ.

ತಂಡದಲ್ಲಿ ನಾಲ್ಕು ತಮಟೆ, ಒಂದು ಹಳೇ ಗಿಟಾರು, ಒಂದು ಕೀಬೋರ್ಡ್, ಆರ್ಕೆಸ್ಟ್ರಾದವರಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ ರಿದಂ ಪ್ಯಾಡ್. ಇಬ್ಬರು ಓದುತ್ತಿದ್ದಾರೆ. ಮೂವರು ನರಸಾಪುರದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುತ್ತಾರೆ. ಒಬ್ಬ ಟೊಮೆಟೊ ಕ್ರೇಟು ತುಂಬಿಕೊಂಡು ಮಂಡಿಗೆ ಟೆಂಪೊ ಓಡಿಸುತ್ತಾನೆ. ಉಳಿದವರು ಗಾರೆ ಕೆಲಸ. ರಾತ್ರಿ ಅಂಗನವಾಡಿ ಕಟ್ಟೆಯ ಮೇಲೆ ಪ್ರಾಕ್ಟೀಸು. ಹುಡುಗಿಯರು ಒಬ್ಬರೂ ಇಲ್ಲ. ಯಾಕೆ ಎಂದು ಕೇಳಿದೆ. ನಕ್ಕರು. ಸಮಾನತೆಯ ಹಾಡು ಬರೆದವನ ತಂಗಿ ಅವನಿಗಿಂತ ಚೆನ್ನಾಗಿ ಹಾಡುತ್ತಾಳೆ, ಇದನ್ನು ಅವನೇ ಒಪ್ಪಿಕೊಳ್ಳುತ್ತಾನೆ.

ನಿಜ ಹೇಳಬೇಕೆಂದರೆ ಹಾಡುಗಳು ಸಾಧಾರಣ. ಮೊದಲನೆಯದರಲ್ಲಿ ಘೋಷಣೆಗಳೇ ಜಾಸ್ತಿ. ಬೋರ್‌ವೆಲ್ ಮೇಲೆ ಬರೆದದ್ದು ಪರವಾಗಿಲ್ಲ: ಸಾವಿರದಿನ್ನೂರು ಅಡಿ ಕೊರೆದು ಧೂಳು ಬಂದ ಕಥೆ, ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ! ಒಂದು ಹಾಡು ಮಾತ್ರ ಚೆನ್ನಾಗಿತ್ತು. ತಮಟೆಯ ಮೇಲಿನದು. ಅದರ ಪಲ್ಲವಿ ಹೀಗೆ:

ತೊಗಲು ನಮ್ದು, ಸದ್ದು ನಮ್ದು,
ಜಾತ್ರೆ ಮಾತ್ರ ನಿಮ್ದಾ?

ಏಪ್ರಿಲ್ 14ರಂದು

ಅಂಬೇಡ್ಕರ್ ಜಯಂತಿಗೆ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಪಂಚಾಯ್ತಿ ಅಧ್ಯಕ್ಷರು, ಗೌಡರು, ಎರಡು ಪಕ್ಷಗಳ ಲೀಡರುಗಳು ಮುಂದಿನ ಸಾಲಿನ ಕುರ್ಚಿಯಲ್ಲಿ. ಹುಡುಗರು ನೀಲಿ ಶರಟು ಹಾಕಿ ಬಂದು ಆ ಹಾಡನ್ನೇ ಮೊದಲು ಎತ್ತಿಕೊಂಡರು. ‘ಜಾತ್ರೆ ಮಾತ್ರ ನಿಮ್ದಾ’ ಎನ್ನುವಾಗ ಹಾಡುವವನು ಕೈಯನ್ನು ನೇರ ಮುಂದಿನ ಸಾಲಿಗೆ ಚಾಚಿದ. ಗೌಡರು ನಕ್ಕರು, ತಾಳಕ್ಕೆ ತೊಡೆ ತಟ್ಟಿದರು. ಹಾಡು ಮುಗಿದ ಮೇಲೆ ವೇದಿಕೆಗೆ ಬಂದು ಐನೂರರ ನೋಟನ್ನು ಹುಡುಗನ ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿದರು. ‘ನಮ್ಮೂರ ಹುಡುಗರು, ಚೆನ್ನಾಗಿ ಹಾಡ್ತಾರೆ’ ಎಂದು ಮೈಕಿನಲ್ಲಿ ಹೊಗಳಿದರು.

ಇದರಲ್ಲಿ ಗೌಡರ ನಾಟಕ ಇತ್ತು ಎಂದು ನನಗೆ ಅನಿಸಲ್ಲ. ಅವರಿಗೆ ನಿಜವಾಗಿಯೂ ಇಷ್ಟವಾಗಿತ್ತು. ಏಪ್ರಿಲ್ 14 ಕಾಲೋನಿಯವರ ದಿನ. ಆ ಒಂದು ದಿನ, ಆ ಒಂದು ಶಾಮಿಯಾನದ ಕೆಳಗೆ ಏನು ಬೇಕಾದರೂ ಹೇಳಬಹುದು. ಕೇಳಿಸಿಕೊಂಡ ಊರಿನವರಿಗೂ ಸಮಾಧಾನ, ನಾವು ಎಷ್ಟು ದೊಡ್ಡ ಮನಸ್ಸಿನವರು ನೋಡಿ ಅಂತ. ಬೈಗುಳಕ್ಕೆ ಒಂದು ಜಾಗ, ಒಂದು ತಾರೀಖು ಗೊತ್ತುಮಾಡಿ ಕೊಟ್ಟರೆ ಅದರಿಂದ ಯಾರ ಅಂಗಳವೂ ಕೆಡಲ್ಲ.

ಒಂದೇ ಒಂದು ಕಡೆ ಬಿಸಿ ತಾಗಿತು. ರಾತ್ರಿ ಹತ್ತಾಗುತ್ತಿದ್ದಂತೆ ಪೊಲೀಸಿನವರು ಬಂದು ಮೈಕ್ ನಿಲ್ಲಿಸಿ ಎಂದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದನ್ನೇ ಹೇಳುತ್ತದೆ. ಹುಡುಗರು ನಿಲ್ಲಿಸಿದರು. ಅದೇ ಮೈದಾನದಲ್ಲಿ ಹಿಂದಿನ ವರ್ಷ ಜಾತ್ರೆಯ ಆರ್ಕೆಸ್ಟ್ರಾ ನಡುರಾತ್ರಿ ಎರಡರವರೆಗೆ ನಡೆದದ್ದು ಅವರಿಗೆ ಚೆನ್ನಾಗಿ ನೆನಪಿತ್ತು.

ಅರಳಿಕಟ್ಟೆಯ ಮಾತುಕತೆ

ಮೇ ತಿಂಗಳ ಜಾತ್ರೆಗೆ ಮುಂಚೆ ಅರಳಿಕಟ್ಟೆಯಲ್ಲಿ ಸಭೆ. ಆರ್ಕೆಸ್ಟ್ರಾಗೆ ಇಷ್ಟು, ಹೂವಿನ ಪಲ್ಲಕ್ಕಿಗೆ ಇಷ್ಟು, ಪಟಾಕಿಗೆ ಇಷ್ಟು ಎಂದು ಲೆಕ್ಕ ಬರೆಯುತ್ತಿದ್ದರು. ಕಾಲೋನಿಯವರಿಗೆ ‘ಬಂದುಬಿಡ್ರಪ್ಪ, ಎರಡು ದಿನ’ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುವುದು ವಾಡಿಕೆ. ಈ ಸಲ ಮುಂದಾಳು ಹುಡುಗ ಎದ್ದು ನಿಂತ. ಜೇಬಿನಿಂದ ಚೀಟಿ ತೆಗೆದ.

‘ಗೌಡ್ರೇ, ನಾವು ಎಂಟು ಜನ. ಎರಡು ರಾತ್ರಿಗೆ ಎಂಟು ಸಾವಿರ ಆಗ್ತದೆ. ಮುಂಗಡ ಎರಡು. ಊಟ ಎಲ್ಲರ ಪಂಕ್ತೀಲಿ. ಮೆರವಣಿಗೆ ನಮ್ಮ ಬೀದಿಗೂ ಬರಬೇಕು.’

ಸಭೆಯಲ್ಲಿದ್ದವರೊಬ್ಬರು ಹೇಳಿದರು, ಆಮೇಲೆ ಸ್ವಲ್ಪ ಹೊತ್ತು ಯಾರಿಗೂ ಮಾತೇ ಬರಲಿಲ್ಲವಂತೆ. ಕೊನೆಗೆ ಗೌಡರೇ ಕೇಳಿದರು, ‘ಏನಪ್ಪ, ಗಂಗಮ್ಮನಿಗೂ ರೇಟಾ?’

‘ಆರ್ಕೆಸ್ಟ್ರಾದವರಿಗೆ ಕೊಡೋದು ಯಾರ ರೇಟು ಗೌಡ್ರೇ?’

‘ಅವರು ಹೊರಗಿನವರು. ನೀವು ಊರಿನವರಲ್ವೇನೋ.’

‘ಊರಿನವರಾದ್ರೆ ಪಂಕ್ತೀಲಿ ಕೂರಿಸಿ, ದುಡ್ಡು ಬೇಡ.’

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವ ಮಾತು ಇದು. ಹುಡುಗ ಇದನ್ನು ಮೊದಲೇ ಯೋಚಿಸಿ ತಂದಿರಲಿಲ್ಲ, ಬಾಯಿಗೆ ಬಂತು ಅಷ್ಟೇ ಎನ್ನುತ್ತಾನೆ. ಏಪ್ರಿಲ್‌ನಲ್ಲಿ ಹಾಡಿದ ಪಲ್ಲವಿಯೂ ಇದನ್ನೇ ಕೇಳಿತ್ತು. ಆಗ ಐನೂರರ ನೋಟು ಬಂದಿತ್ತು. ಈಗ ಅದೇ ಪ್ರಶ್ನೆ ಲೆಕ್ಕದ ಪುಸ್ತಕದ ಮುಂದೆ, ಜಾತ್ರೆಯ ಸಭೆಯಲ್ಲಿ, ಇಲ್ಲ ಎಂದರೆ ಬಾರಿಸಲ್ಲ ಎನ್ನುವ ಷರತ್ತಿನ ಜೊತೆ ಬಂದಿತ್ತು.

ಪಟ್ಟಣದ ಮದುವೆಗೆ, ಬೆಂಗಳೂರಿನ ಗಣೇಶನ ಮೆರವಣಿಗೆಗೆ ಇದೇ ತಂಡ ಹದಿನೈದು ಸಾವಿರ ತೆಗೆದುಕೊಳ್ಳುತ್ತದೆ. ಗೌಡರ ತಮ್ಮನ ಮಗಳ ಮದುವೆಗೆ ಕೋಲಾರದ ಛತ್ರದಲ್ಲಿ ಬಾರಿಸಿ ಪೂರ್ತಿ ದುಡ್ಡು ಎಣಿಸಿಕೊಂಡಿದ್ದರು. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ. ಊರ ಗಡಿಯ ಒಳಗೆ ಬಂದ ತಕ್ಷಣ ಅದೇ ಕೈ, ಅದೇ ತೊಗಲು ಪುಕ್ಕಟೆ.

ಸಭೆ ಮುರಿಯಿತು. ಮಾರನೇ ದಿನದಿಂದ ಕಾಲೋನಿಯ ಹೆಂಗಸರಿಗೆ ಟೊಮೆಟೊ ಕೀಳುವ ಕೂಲಿಗೆ ಕರೆ ಬರಲಿಲ್ಲ. ಅಂಗಡಿಯಲ್ಲಿ ಸಾಲದ ಪುಸ್ತಕ ಮುಚ್ಚಿತು. ಟ್ರ್ಯಾಕ್ಟರಿನವರು ‘ಬಿಡುವಿಲ್ಲ’ ಎಂದರು. ಯಾರೂ ಬಹಿಷ್ಕಾರ ಎಂಬ ಪದ ಬಳಸಲಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಹಾಕುವುದೂ, ಹಾಕುತ್ತೇನೆಂದು ಬೆದರಿಸುವುದೂ ಶಿಕ್ಷೆಯಾಗುವ ಅಪರಾಧ. ಊರಿನ ದೊಡ್ಡವರಿಗೆ ಇದು ಗೊತ್ತಿತ್ತು. ಇನ್ನೊಂದೂ ನೆನಪಿತ್ತು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ ಅರವತ್ತು ಸಾವಿರ ದಂಡ ಹಾಕಿ, ಕೊನೆಗೆ ಅದು ದೇಶದ ಸುದ್ದಿಯಾಗಿ ಊರಿಗೆ ಅಧಿಕಾರಿಗಳು, ಕ್ಯಾಮೆರಾಗಳು ಬಂದಿದ್ದವು. ಅದಕ್ಕೇ ಇಲ್ಲಿ ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಎಲ್ಲರಿಗೂ ಒಂದೇ ವಾರದಲ್ಲಿ ಬಿಡುವಿಲ್ಲದಂತಾಯಿತು.

ಹುಡುಗರು ದೂರು ಕೊಡಲಿಲ್ಲ. ಕೊಡಬೇಕು ಎಂದು ಹೊರಗಿನ ಸಂಘಟನೆಯವರು ಬಂದು ಹೇಳಿದರು. ವಿಡಿಯೊ ಹಂಚಿಕೊಂಡ ಬೆಂಗಳೂರಿನ ಗೆಳೆಯರು ಫೋನಿನಲ್ಲಿ ಹೇಳಿದರು. ಕೂಲಿ ನಿಂತಿದ್ದು ಆ ಗೆಳೆಯರ ಮನೆಯದಲ್ಲ.

ಅಪ್ಪ ಬಾರಿಸಿದ ರಾತ್ರಿ

ಜಾತ್ರೆಗೆ ಪಟ್ಟಣದಿಂದ ಬ್ಯಾಂಡ್‌ಸೆಟ್ ತಂದರು. ಡೋಲಿನವರನ್ನೂ ತಂದರು. ಸದ್ದಿಗೇನೂ ಕೊರತೆ ಆಗಲಿಲ್ಲ. ತೊಡಕಾಗಿದ್ದು ಬೇರೆ ಕಡೆ. ಈ ಊರಿನ ನಂಬಿಕೆ ಪ್ರಕಾರ ಗಂಗಮ್ಮ ಗುಡಿ ಬಿಟ್ಟು ಏಳಬೇಕಾದರೆ ಮೊದಲ ಏಟು ಕಾಲೋನಿಯ ತಮಟೆಯದೇ ಆಗಬೇಕು. ಹೆಂಗಸರು ತಂಬಿಟ್ಟಿನ ದೀಪ ತಲೆ ಮೇಲೆ ಇಟ್ಟುಕೊಂಡು ಸಾಲಾಗಿ ನಿಂತಿದ್ದಾರೆ. ಪಲ್ಲಕ್ಕಿ ಸಿದ್ಧ. ಪೂಜಾರಿ ಕೈಕಟ್ಟಿ ನಿಂತ. ಬ್ಯಾಂಡ್‌ಸೆಟ್‌ನವರು ಸಿನಿಮಾ ಹಾಡು ಊದಿದರು. ಪೂಜಾರಿ ತಲೆ ಆಡಿಸಿದ, ಇದಾಗಲ್ಲ ಅಂತ.

ಕಾಲೋನಿಯಿಂದ ಮುಂದಾಳು ಹುಡುಗನ ಅಪ್ಪ ತಮಟೆ ಕಾಯಿಸಿಕೊಂಡು ಒಬ್ಬರೇ ಬಂದರು. ಯಾರೂ ಕರೆದಿರಲಿಲ್ಲ. ಕರೆದಿದ್ದರು, ಆದರೆ ಅದನ್ನು ಎರಡೂ ಕಡೆಯವರು ಒಪ್ಪಲ್ಲ ಎಂದೂ ಕೆಲವರು ಹೇಳುತ್ತಾರೆ. ಅವರು ಎತ್ತುವ ಗತ್ತು ಬಾರಿಸಿದರು. ಪಲ್ಲಕ್ಕಿ ಎದ್ದಿತು. ಊಟಕ್ಕೆ ನಿಲ್ಲಲಿಲ್ಲ, ದುಡ್ಡು ಮುಟ್ಟಲಿಲ್ಲ, ವಾಪಸ್ ನಡೆದರು. ಮಗ ತಿಂಗಳುಗಟ್ಟಲೆ ಅವರ ಜೊತೆ ಮಾತು ಬಿಟ್ಟ.

ಊರಿನವರು ಇದನ್ನು ತಮ್ಮ ಗೆಲುವು ಎಂದು ಹೇಳಿಕೊಂಡರು. ಹಳಬರಿಗೆ ಭಕ್ತಿ ಇದೆ, ಹುಡುಗರಿಗೆ ತಲೆ ಕೆಟ್ಟಿದೆ ಎಂದರು. ನಾನು ಅಪ್ಪನನ್ನೇ ಕೇಳಿದೆ.

‘ಗೌಡ್ರಿಗೆ ಬಾರಿಸಿದ್ದಲ್ಲ ಮೇಷ್ಟ್ರೇ, ಅಮ್ಮನಿಗೆ ಬಾರಿಸಿದ್ದು. ಆ ಮೊದಲ ಏಟು ನಮ್ದು. ನಮ್ಮ ತಾತನ ಕಾಲದಿಂದ ನಮ್ದು. ಆ ಊರಲ್ಲಿ ನಮ್ದು ಅಂತ ಇರೋದು ಅದೊಂದೇ. ಹುಡುಗರು ಅದನ್ನೂ ಬಿಡು ಅಂತಾರೆ. ಬಿಟ್ರೆ ಮುಂದಿನ ವರ್ಷ ಬ್ಯಾಂಡ್‌ಸೆಟ್‌ನೋರು ಹೊಡೀತಾರೆ, ಅಮ್ಮನೂ ಅದಕ್ಕೇ ಒಗ್ಗಿಕೊಳ್ತಾಳೆ.’

ಇದನ್ನು ಮಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪನಿಗೆ ಅದು ಹಕ್ಕು ಅನ್ಸುತ್ತೆ ಸಾರ್. ಹಕ್ಕಾಗಿದ್ರೆ ಇವತ್ತು ಬಾರಿಸಲ್ಲ ಅನ್ನೋಕೂ ಆಗಬೇಕಲ್ವಾ? ಹಾಗಂದಿದ್ದಕ್ಕೆ ನಮ್ಮಮ್ಮನ ಕೂಲಿ ಯಾಕೆ ನಿಲ್ತು?’ ಎಂದ.

ನನಗೆ ಮಗನ ವಾದವೇ ಗಟ್ಟಿ ಅನಿಸುತ್ತದೆ. ಆದರೆ ಅಪ್ಪ ಹೋಗಿರದಿದ್ದರೆ ಮುಂದೆ ಬಂದ ರಾಜಿಗೆ ಕಾಲೋನಿಯ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಬ್ಯಾಂಡ್‌ಸೆಟ್ ಇದ್ದರೂ ಪಲ್ಲಕ್ಕಿ ಏಳಲಿಲ್ಲ ಎಂಬುದನ್ನು ಇಡೀ ಊರು ಆ ರಾತ್ರಿ ಕಣ್ಣಾರೆ ನೋಡಿತು. ಬಾರಿಸಲ್ಲ ಎಂದ ಮಗ, ಬಾರಿಸಿ ದುಡ್ಡು ಮುಟ್ಟದೆ ಹೋದ ಅಪ್ಪ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಕಡೆ ತಳ್ಳುತ್ತಿದ್ದರು.

ಬೇರೆ ಕಡೆಯ ತಂಡಗಳು

ದೊಡ್ಡ ಹೆಸರಿನ ತಂಡಗಳನ್ನು ನೋಡಿದರೂ ಇದೇ ಕಾಣುತ್ತೆ. ರಷ್ಯಾದ ‘ಪುಸ್ಸಿ ರಾಯಟ್’ ಹೆಣ್ಣುಮಕ್ಕಳು 2012ರ ಫೆಬ್ರುವರಿಯಲ್ಲಿ ಮಾಸ್ಕೋದ ದೊಡ್ಡ ಚರ್ಚಿನೊಳಗೆ ಹಾಡಿದ್ದು ಒಂದು ನಿಮಿಷವೂ ಇಲ್ಲ. ಅದೇ ಸಾಲುಗಳನ್ನು ಯಾವುದೋ ಕ್ಲಬ್ಬಿನಲ್ಲಿ ಹಾಡಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವೇನೋ. ಗರ್ಭಗುಡಿಯಂಥ ಜಾಗದ ಮುಂದೆ ನಿಂತಿದ್ದಕ್ಕೆ ಎರಡು ವರ್ಷದ ಜೈಲು ಶಿಕ್ಷೆ ಬಿತ್ತು. ನೈಜೀರಿಯಾದ ಫೆಲಾ ಕುಟಿ ಮಿಲಿಟರಿ ಸರ್ಕಾರವನ್ನು ಹಾಡಿನಲ್ಲಿ ಆಡಿಕೊಂಡರು. 1977ರ ಫೆಬ್ರುವರಿಯಲ್ಲಿ ಲಾಗೋಸ್‌ನಲ್ಲಿದ್ದ ಅವರ ಮನೆಗೆ ಸೈನಿಕರು ನುಗ್ಗಿ ಬೆಂಕಿ ಹಚ್ಚಿದರು. ವಯಸ್ಸಾದ ತಾಯಿಯನ್ನು ಕಿಟಕಿಯಿಂದ ಎಸೆದರು. ಆಕೆ ಮುಂದಿನ ವರ್ಷ ತೀರಿಕೊಂಡರು. ಫೆಲಾ ಶವಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಸೈನ್ಯದ ಬ್ಯಾರಕ್ಕಿನ ಬಾಗಿಲಲ್ಲಿ ಇಟ್ಟು ಬಂದರು. ಅದಕ್ಕಾಗಿ ಆಮೇಲೆ ಹಾಡೂ ಬಂತು, ಆದರೆ ಪೆಟ್ಟಿಗೆ ಮೊದಲು ಹೋಗಿತ್ತು.

ನಮ್ಮ ಹುಡುಗರನ್ನು ಅವರ ಪಕ್ಕದಲ್ಲಿ ನಿಲ್ಲಿಸುತ್ತಿಲ್ಲ. ಇವರ ಮೇಲೆ ಯಾವ ಸೈನ್ಯವೂ ಬರಲಿಲ್ಲ. ಆದರೂ ಪರೀಕ್ಷೆ ಒಂದೇ. ಎಲ್ಲಿ ನಿಂತರು, ಏನು ಕಳೆದುಕೊಳ್ಳುವುದಿತ್ತು. ನೀಲಿ ಶರಟು ಹಾಕಿ ಬೆಂಗಳೂರಿನ ಕೆಫೆಯೊಂದರಲ್ಲಿ ಇದೇ ತಂಡ ಹಾಡಿದ್ದನ್ನೂ ನೋಡಿದ್ದೇನೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಲ್ಲಿ ಗಂಗಮ್ಮನೂ ಇರಲಿಲ್ಲ, ಗೌಡರೂ ಇರಲಿಲ್ಲ. ಹಾಡು ಚೆಂದ ಕೇಳಿತು, ಅಷ್ಟೇ.

ರಾಜಿ

ಕೂಲಿಯ ಬಿಕ್ಕಟ್ಟು ಹೆಚ್ಚು ದಿನ ನಡೆಯಲಿಲ್ಲ. ಕಾರಣ ನ್ಯಾಯವಲ್ಲ, ಟೊಮೆಟೊ. ಹಣ್ಣು ಕೆಂಪಾದ ಮೇಲೆ ಗಿಡದಲ್ಲಿ ಕಾಯಲ್ಲ. ಹೊರಗಿನ ಊರಿಂದ ಆಳು ಕರೆತಂದರೆ ಆಟೊ ಬಾಡಿಗೆಯೂ ಮೈಮೇಲೆ. ಒಂದೊಂದೇ ತೋಟದವರು ಮೆಲ್ಲಗೆ ಕರೆಯತೊಡಗಿದರು. ಆಮೇಲೆ ತಾಲ್ಲೂಕು ಆಫೀಸಿನವರು, ಪೊಲೀಸಿನವರು ಬಂದು ಶಾಂತಿ ಸಭೆ ಮಾಡಿದರು. ಚಹಾ ಕುಡಿದರು, ಎಲ್ಲರೂ ಅಣ್ಣತಮ್ಮಂದಿರಂತೆ ಇರಿ ಎಂದರು. ಇದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ಮುಂದಿನ ವರ್ಷದ ಸಭೆಗೆ ಕಾಲೋನಿಯಿಂದ ಅಪ್ಪ, ಮಗ ಇಬ್ಬರೂ ಹೋದರು. ಮಾತುಕತೆ ಆರು ಸಾವಿರಕ್ಕೆ ನಿಂತಿತು. ದುಡ್ಡನ್ನು ದೇವಸ್ಥಾನದ ಲೆಕ್ಕದ ಪುಸ್ತಕದಲ್ಲೇ ಬರೆಯಬೇಕು, ಗೌಡರ ಕೈಯಿಂದ ಬೇಡ ಎಂದು ಪಟ್ಟು ಹಿಡಿದದ್ದು ಮಗ. ಬರೆದರು. ಮೆರವಣಿಗೆ ಕಾಲೋನಿಯ ಕಮಾನಿನವರೆಗೆ ಬಂತು, ಒಳಗೆ ಬರಲಿಲ್ಲ. ಕಾಲೋನಿಯ ಹೆಂಗಸರು ಕಮಾನಿನ ಹತ್ತಿರ ಬಂದು ದೀಪ ಸೇರಿಸಿದರು. ಊಟದ ವಿಷಯವನ್ನು ಯಾರೂ ಎತ್ತಲಿಲ್ಲ. ಹುಡುಗರು ಮನೆಗೆ ಹೋಗಿ 

ಉಂಡರು. ಹುಣಸೆ ಮರದ ಕೆಳಗೆ ಎಲೆ ಹಾಕಿದ್ದವರು ಹಾಗೇ ತೆಗೆದರು.

ಅಂಬೇಡ್ಕರ್ ಜಯಂತಿಗೆ ಆ ಹಾಡನ್ನು ಈಗಲೂ ಹಾಡುತ್ತಾರೆ. ಗೌಡರು ಬರುತ್ತಾರೆ, ಮುಂದಿನ ಸಾಲಿನಲ್ಲೇ ಕೂರುತ್ತಾರೆ. ತೊಡೆ ತಟ್ಟುವುದನ್ನು ಬಿಟ್ಟಿದ್ದಾರೆ. ನನಗೆ ಇದು ಹಾಡಿಗೆ ಸಿಕ್ಕ ಮೊದಲ ನಿಜವಾದ ಬೆಲೆ ಅನಿಸುತ್ತೆ.

ಈ ವರ್ಷದ ಜಗಳ ಜಾತ್ರೆಯ ಕರಪತ್ರದ್ದು. ಅದರಲ್ಲಿ ಹೂವಿನವರ ಹೆಸರು, ಶಾಮಿಯಾನದವರ ಹೆಸರು, ಮಂಗಳವಾದ್ಯದವರ ಹೆಸರು, ಆರ್ಕೆಸ್ಟ್ರಾದವರ ಫೋಟೊ ಎಲ್ಲ ಇರುತ್ತದೆ. ತಮಟೆಯವರದು ಯಾವತ್ತೂ ಇರಲಿಲ್ಲ. ಹಾಕಬೇಕು ಎಂದು ಕಾಲೋನಿಯವರು ಕೇಳಿದ್ದಾರೆ. ಸಮಿತಿಯವರು ಪೂರ್ತಿ ಇಲ್ಲ ಎಂದಿಲ್ಲ, ಹೆಸರು ಬರೆದುಕೊಡಿ ನೋಡೋಣ ಎಂದಿದ್ದಾರೆ. ಬರೆದುಕೊಡುವುದೇ ಈಗ ಕಷ್ಟವಾಗಿದೆ. ಹುಡುಗರಿಗೆ ತಂಡದ ಹೆಸರು ಬರಬೇಕು, ದಪ್ಪ ಅಕ್ಷರದಲ್ಲಿ. ಅಪ್ಪನಿಗೆ ತಮ್ಮ ಹೆಸರೇ ಬರಬೇಕು, ಮೊದಲ ಏಟಿನವರು ಎಂದು, ತಮ್ಮ ತಾತನ ಹೆಸರಿನ ಸಮೇತ. ಪಟ್ಟಣದ ಪ್ರೆಸ್ಸಿನವನು ಎರಡು ಸಲ ಫೋನ್ ಮಾಡಿದ್ದಾನಂತೆ, ಮ್ಯಾಟರ್ ಕಳಿಸ್ತೀರೋ ಇಲ್ವೋ ಅಂತ.